ಬಲಕ್ಕೆ ಹೋಗುವ ಅಭ್ಯಾಸ

ಜನವರಿ ೬, ೨೦೨೫, ಸೋಮವಾರ

ಕಂಪನಿಯವರು ವರ್ಷಕ್ಕೊಂದು ಡೈರಿ ಕೊಡುತ್ತಾರೆ. ಪ್ರತಿ ಪುಟದ ಮೇಲ್ತುದಿಗೆ ಒಂದು ಬದನೆಕಾಯಿಯೋ ಟೊಮ್ಯಾಟೊವೋ ಅಚ್ಚಾಗಿರುತ್ತದೆ. ಇಷ್ಟು ವರ್ಷ ಅದನ್ನು ಯಾರಿಗಾದರೂ ಕೊಟ್ಟುಬಿಡುತ್ತಿದ್ದೆ. ಈ ಸಲ ನಾನೇ ಇಟ್ಟುಕೊಂಡೆ. ಇವತ್ತು ಆದದ್ದನ್ನು ಯಾರ ಮುಂದೆಯೂ ಹೇಳುವಂತಿಲ್ಲ, ಹೇಳದೆ ಇರಲೂ ಆಗುತ್ತಿಲ್ಲ.

ಹನ್ನೊಂದು ವರ್ಷ ರಾಣೆಬೆನ್ನೂರಿನ ಬೀಜದ ಲ್ಯಾಬಿನಲ್ಲಿ ತಲೆ ತಗ್ಗಿಸಿ ಮೊಳಕೆ ಎಣಿಸಿದ್ದಕ್ಕೆ ಫಲ ಸಿಕ್ಕಿದೆ. ಮೇ ತಿಂಗಳಲ್ಲಿ ಕಂಪನಿ ನನ್ನನ್ನು ಮೂರು ತಿಂಗಳ ತರಬೇತಿಗೆ ಹಾಲೆಂಡಿನ ಉಟ್ರೆಕ್ಟ್ ಶಹರಕ್ಕೆ ಕಳಿಸುತ್ತದೆ. ಲ್ಯಾಬಿನ ಮುಖ್ಯಸ್ಥ ರಮೇಶ ಸರ್ ಶನಿವಾರ ಹದಿನಾರು ಪುಟದ ಪುಸ್ತಿಕೆ ಕೊಟ್ಟರು. ಆ ಊರಿನಲ್ಲಿ ಓಡಾಡುವುದು ಹೇಗೆ ಎಂದು ಅದರಲ್ಲಿದೆ. ಅಲ್ಲಿ ಕಾರು, ಮೋಟರ್‌ಬೈಕು ಏನೂ ಬೇಕಾಗಿಲ್ಲವಂತೆ. ಟ್ರಾಮು, ಬಸ್ಸು, ಸೈಕಲ್ಲು, ಎರಡು ಕಾಲು ಇದ್ದರೆ ಸಾಕು. ಭಾನುವಾರ ಕುಳಿತು ಎರಡು ಸಲ ಓದಿದೆ. ಇಳಿಯುವವರಿಗೆ ಮೊದಲು ದಾರಿ ಬಿಡಬೇಕು. ಮೊದಲು ಬಂದವರು ಮೊದಲು ಹತ್ತಬೇಕು, ಖಾಲಿ ಇದ್ದಲ್ಲಿ ಕೂಡಬೇಕು. ಸೀಟಿನ ಮೇಲೆ ಸಾಮಾನು ಇಡಬಾರದು. ಓದುತ್ತ ಓದುತ್ತ ನನ್ನ ಕಣ್ಣು ತುಂಬಿ ಬಂತು. ನಾನು ಹುಟ್ಟಬೇಕಾಗಿದ್ದ ಊರು ಅದು ಅನ್ನಿಸಿತು.

ಇವತ್ತು ಬೆಳಿಗ್ಗೆ ನಮ್ಮೂರು ಅಗಡಿಯಿಂದ ಹಾವೇರಿ ಬಸ್‌ಸ್ಟ್ಯಾಂಡಿಗೆ ಬಂದಾಗ, ಬ್ಯಾಡಗಿ ಮೇಲೆ ರಾಣೆಬೆನ್ನೂರಿಗೆ ಹೋಗುವ ಬಸ್ಸು ಆಗಷ್ಟೇ ಒಳಗೆ ತಿರುಗುತ್ತಿತ್ತು. ಸೋಮವಾರ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆ, ಕಾಲಿಡಲು ಜಾಗವಿರಲಿಲ್ಲ. ಬಸ್ಸು ನಿಲ್ಲುವ ಮೊದಲೇ ಜನ ಅದರ ಜೊತೆಗೆ ಓಡುತ್ತ ಕಿಟಕಿಯಿಂದ ಟವಲ್, ಕರ್ಚೀಫು, ಕೈಚೀಲ ಎಲ್ಲ ಒಳಗೆ ಎಸೆದರು. ಒಬ್ಬನಂತೂ ಕಾಲಿನ ಚಪ್ಪಲಿಯನ್ನೇ ಎಸೆದ. ಎಸೆದ ಮೇಲೆ ಆ ಸೀಟು ಅವರದು, ಇಲ್ಲಿನ ಕಾಯಿದೆ ಅಷ್ಟೇ. ನಾನೂ ಇಷ್ಟು ವರ್ಷ ಕರ್ಚೀಫು ಎಸೆದವನೇ. ಇವತ್ತು ಎಸೆಯಲಿಲ್ಲ. ಇಳಿಯುವವರೆಲ್ಲ ಇಳಿದ ಮೇಲೆ ಬಾಗಿಲಿನಿಂದ ಮೂರನೆಯವನಾಗಿ ಹತ್ತಿದೆ. ನಾಲ್ಕನೆಯ ಸಾಲಿನಲ್ಲಿ ಒಂದು ಸೀಟಿನ ಮೇಲೆ ಕೆಂಪು ಟವಲ್ ಇತ್ತು, ಮನುಷ್ಯ ಇರಲಿಲ್ಲ. ಟವಲನ್ನು ನೀಟಾಗಿ ಮಡಚಿ ಮೇಲಿನ ಕಂಬಿಗೆ ಹಾಕಿ ಕುಳಿತೆ.

ಟವಲಿನವನು ಬಂದ. ನನ್ನ ಎರಡರಷ್ಟು ಭುಜ, ಮೈಯೆಲ್ಲ ಮೆಣಸಿನಕಾಯಿ ಘಾಟು.

“ಟವಲ್ ಹಾಕಿದ್ದು ಕಾಣಲಿಲ್ಲೇನು?” ಎಂದ.

“ಕಂಡತ್ರಿ. ಸೀಟಿನ್ಯಾಗ ಮನಷ್ಯಾ ಕುಂದ್ರತಾನ, ಟವಲ್ ಕುಂದ್ರಂಗಿಲ್ಲ. ನಿಮಗಿಂತ ಮೊದಲ ಹತ್ತಿದಾಂವ ನಾನು,” ಎಂದೆ.

ಮಾತು ಮುಗಿಯುವ ಮೊದಲೇ ಎಡಗೆನ್ನೆಗೆ ಬಿತ್ತು. ಕನ್ನಡಕ ಹಾರಿ ಹಿಂದಿನ ಹೆಂಗಸಿನ ಮಡಿಲಿಗೆ ಬಿತ್ತು. ಎದ್ದು ನಿಲ್ಲಲು ಹೋದಾಗ ಇನ್ನೊಂದು ಬಿತ್ತು, ಕಿವಿಯೊಳಗೆ ಗುಂಯ್ ಎಂದಿತು. ಬಾಯಲ್ಲಿ ರಕ್ತದ ರುಚಿ. ನಾನು ಸುತ್ತ ನೋಡಿದೆ. ಅರವತ್ತು ಜನರಿದ್ದರು. ಒಬ್ಬರೂ ಅವನಿಗೆ ಏನೂ ಅನ್ನಲಿಲ್ಲ. ನನಗೆ ಅಂದರು.

“ಅಂವಾ ಟವಲ್ ಹಾಕ್ಯಾನಲ್ರಿ ಸರ. ತಗದದ್ದು ನಿಮ್ಮ ತಪ್ಪು,” ಎಂದು ಕನ್ನಡಕ ಕೊಡುತ್ತ ಆ ಹೆಂಗಸು ಹೇಳಿದಳು.

ಕಂಡಕ್ಟರ್, “ಓದಿದವ್ರು ನೀವ ಹಿಂಗ ಮಾಡಿದ್ರ ಹೆಂಗ್ರಿ? ಏಳ್ರಿ ಅತ್ಲಾಗ, ಟಿಕೀಟ್ ಹರೀಬೇಕು ನಾ,” ಎಂದ.

ಎದ್ದೆ. ಅವನು ಕುಳಿತು ಎರಡೇ ನಿಮಿಷದಲ್ಲಿ ಬಾಯಿ ತೆರೆದು ನಿದ್ದೆ ಹೋದ. ಬ್ಯಾಡಗಿಯಲ್ಲಿ ಅವನು ಇಳಿದ ಮೇಲೂ ನಾನು ಆ ಸೀಟಿನಲ್ಲಿ ಕೂಡಲಿಲ್ಲ. ರಾಣೆಬೆನ್ನೂರಿನ ತನಕ ನಿಂತೇ ಹೋದೆ. ನಾಚಿಕೆಯಿಂದ ಸತ್ತುಹೋದೆ.

ಜನವರಿ ೭, ಮಂಗಳವಾರ

ಬಾಗಿಲು ಬಡಿಯಿತು ಎಂದು ಹೆಂಡತಿ ಶ್ರೀದೇವಿಗೆ ಸುಳ್ಳು ಹೇಳಿದೆ. ಅವಳು ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಕೆನ್ನೆಗೆ ಶಾಖ ಕೊಟ್ಟಳು. “ಬಾಗಲಕ್ಕ ಐದು ಬೆರಳ ಅದಾವೇನ್ರಿ?” ಎಂದು ಕೇಳಿದಳು. ನಗು ಬಂತು, ಆಮೇಲೆ ಎಲ್ಲ ಹೇಳಿಬಿಟ್ಟೆ. ಹೇಳುತ್ತ ಅತ್ತೆ. ಅವಳೂ ಅತ್ತಳು. ಅವನ ವಂಶವನ್ನೆಲ್ಲ ಬೈದಳು. ಮನಸ್ಸು ಹಗುರಾಯಿತು.

ರಮೇಶ ಸರ್ ಹತ್ತಿರ ಪೊಲೀಸ್ ಕಂಪ್ಲೇಂಟ್ ಕೊಡುವುದಾಗಿ ಹೇಳಿದೆ. ಅವರು ಗಾಬರಿಯಾದರು. “ಹುಚ್ಚರೇನ್ರಿ? ಪಾಸ್‌ಪೋರ್ಟಿಗೆ ಅರ್ಜಿ ಹಾಕೀರಿ. ಪೊಲೀಸರು ಮನಿಗೆ ಬಂದು ವಿಚಾರಿಸ್ತಾರ. ಸಣ್ಣ ಜಗಳದ ಹೆಸರು ಬಂದ್ರೂ ಎಲ್ಲಾ ನಿಂತಹೋಗ್ತದ. ನಿಮ್ಮ ಜಾಗಾಕ್ಕ ಇನ್ನೊಬ್ಬರನ್ನ ಕಳಸಬೇಕಾಗ್ತದ ನೋಡ್ರಿ.”

ಕಂಪ್ಲೇಂಟ್ ಬಿಟ್ಟೆ. ಸಂಜೆ ಅದೇ ಕಂಡಕ್ಟರ್ ಸಿಕ್ಕಾಗ ಟವಲಿನವನ ಹೆಸರು ಮಾತ್ರ ಕೇಳಿಕೊಂಡೆ. ನಾಗಪ್ಪ, ಬ್ಯಾಡಗಿಯ ಮೆಣಸಿನಕಾಯಿ ಯಾರ್ಡಿನಲ್ಲಿ ಹಮಾಲಿ ಮಾಡುತ್ತಾನೆ.

ಜನವರಿ ೧೨, ಭಾನುವಾರ

ಅಗಡಿಯ ಸೈಕಲ್ ರಿಪೇರಿ ಅಂಗಡಿಯ ಫಕ್ಕೀರಸಾಬರಿಂದ ಒಂದು ಹಳೆಯ ಸೈಕಲ್ ತೆಗೆದುಕೊಂಡೆ. ಇನ್ನು ಮೇಲೆ ಹಾವೇರಿಯ ತನಕ ಸೈಕಲ್, ಅಲ್ಲಿಂದ ಬಸ್ಸು ಇಲ್ಲವೇ ರೈಲು, ರಾಣೆಬೆನ್ನೂರಿನಲ್ಲಿ ಲ್ಯಾಬಿನ ತನಕ ನಡಿಗೆ. ಉಟ್ರೆಕ್ಟಿನವರ ಹಾಗೆಯೇ. ಮೇ ತಿಂಗಳಲ್ಲಿ ಅಲ್ಲಿಗೆ ಹೋಗಿ ಮುಜುಗರಪಡುವುದಕ್ಕಿಂತ ಇಲ್ಲೇ ಅಭ್ಯಾಸ ಮಾಡಿಕೊಳ್ಳುವುದು ಲೇಸು.

ಒಂದೇ ತೊಡಕು. ಆ ಊರಿನಲ್ಲಿ ರಸ್ತೆಯ ಬಲಗಡೆ ಹೋಗುತ್ತಾರೆ. ಮೂವತ್ತಾರು ವರ್ಷ ಎಡಕ್ಕೆ ಹೋದ ಕೈಕಾಲು ಒಂದೇ ದಿನದಲ್ಲಿ ತಿರುಗುತ್ತವೆಯೇ? ಹಾಗಾಗಿ ಇವತ್ತಿನಿಂದ ಬಲಕ್ಕೆ ಶುರುಮಾಡಿದೆ. ಬಲ ಅಂಚು ಹಿಡಿದು ಹಾವೇರಿ ರಸ್ತೆಯಲ್ಲಿ ಮೂರು ಕಿಲೋಮೀಟರ್ ಹೋಗಿ ಬಂದೆ. ತಿರುಗುವ ಮುಂಚೆ ಕೈ ಚಾಚಿದೆ, ಗಂಟೆ ಬಾರಿಸಿದೆ. ಎದುರಿಗೆ ಬಂದವರೆಲ್ಲ ಬೈದರು. ಒಬ್ಬ ಟ್ರ್ಯಾಕ್ಟರಿನವನು ನನ್ನ ತಾಯಿಯನ್ನು ಎಳೆದು ತಂದ. ನಾನು ಕ್ಷಮಿಸಿದೆ. ಅವನಿಗೇನು ಗೊತ್ತು, ಪಾಪ.

ಜನವರಿ ೧೬, ಗುರುವಾರ

ಇವತ್ತು ಕ್ಷಮಿಸಲಾಗಲಿಲ್ಲ.

ಬೆಳಿಗ್ಗೆ ಬಲಗಡೆ ಹೋಗುತ್ತಿದ್ದೆ. ಎರಡು ಹಾಲಿನ ಕ್ಯಾನು ತೂಗಿಸಿಕೊಂಡ ಬೈಕಿನವನು ನೆಟ್ಟಗೆ ನನ್ನ ಮೇಲೆಯೇ ಬಂದ. ನಾನು ಗಂಟೆ ಬಾರಿಸಿದೆ, ಅವನು ಹಾರ್ನ್ ಹೊಡೆದ. ನಾನು ಸರಿಯಲಿಲ್ಲ. ಕ್ಯಾನು ಹ್ಯಾಂಡಲ್ಲಿಗೆ ತಾಗಿ ಇಬ್ಬರೂ ಮಣ್ಣಿನಲ್ಲಿ ಉರುಳಿದೆವು, ಹಾಲೆಲ್ಲ ಚೆಲ್ಲಿತು. ಅವನು ಎದ್ದವನೇ ನನ್ನ ಅಂಗಿ ಹಿಡಿದು, “ಕುಡದೀಯೇನಲೇ? ಇದ್ಯಾವ ಕಡೆ ಬರಾಕತ್ತೀದಿ?” ಎಂದು ಕೂಗಿದ.

ಸೈಕಲ್ಲಿಗೆ ಕಟ್ಟಿದ್ದ ಗಾಳಿ ಪಂಪು ನನ್ನ ಕೈಗೆ ಬಂದಿತ್ತು. ಹೇಗೆ ಬಂತೋ ಗೊತ್ತಿಲ್ಲ. ಅವನ ಕಿವಿಯ ಮೇಲೆ ಒಂದು ಕೊಟ್ಟೆ. ಅವನು ಅಂಗಿ ಬಿಟ್ಟ. ಇನ್ನೊಂದು ಕೊಟ್ಟೆ, ಮೊಣಕಾಲೂರಿ ಕುಳಿತ. ಹಣೆಯಿಂದ ರಕ್ತ ಇಳಿದು ಹುಬ್ಬಿನಲ್ಲಿ ನಿಂತಿತ್ತು. “ಹೊಡೀಬ್ಯಾಡ್ರಿ ಯಪ್ಪಾ,” ಎಂದ. ಒಂದು ನಿಮಿಷದ ಹಿಂದೆ ಲೇ ಅಂದವನು ರೀ ಎಂದು ಕರೆದ.

ಲ್ಯಾಬಿನಲ್ಲಿ ನಾನೂರು ಮೊಳಕೆ ಎಣಿಸಿದೆ, ಒಂದೂ ತಪ್ಪಲಿಲ್ಲ. ಮಧ್ಯಾಹ್ನ ಎಂದಿಗಿಂತ ಎರಡು ರೊಟ್ಟಿ ಹೆಚ್ಚು ತಿಂದೆ.

ಜನವರಿ ೨೩, ಗುರುವಾರ

ಗುರುವಾರವೂ ಬ್ಯಾಡಗಿಯಲ್ಲಿ ಮಾರುಕಟ್ಟೆಯ ದಿನ ಎಂದು ಬಸ್ಸು ಬಿಟ್ಟು ರೈಲಿಗೆ ಹೋದೆ. ಅಲ್ಲಿಯೂ ಅದೇ ರೋಗ. ಹಾವೇರಿ ಸ್ಟೇಷನ್ನಿನಲ್ಲಿ ಟೈ ಕಟ್ಟಿದ ಒಬ್ಬ ಔಷಧ ಕಂಪನಿಯ ಮನುಷ್ಯ ಕಿಟಕಿಯ ಸಲಾಕೆಗಳ ನಡುವೆ ತನ್ನ ಚೀಲ ತೂರಿಸಿ ಸೀಟು ಹಿಡಿದ. ನಾನು ಬಾಗಿಲಿನಿಂದ ಹತ್ತಿ ಹೋಗಿ, ಅವನ ಚೀಲವನ್ನು ಎತ್ತಿ ಆಚೆ ಬದಿಯ ಬಾಗಿಲಿನಿಂದ ಹಳಿಯ ಮೇಲೆ ಒಗೆದು, ಬಂದು ಕುಳಿತೆ. ಚೀಲದಲ್ಲಿ ಬಾಟಲಿಗಳು ಒಡೆದ ಸದ್ದು ಚೆನ್ನಾಗಿ ಕೇಳಿಸಿತು.

ಅವನು ಒಳಗೆ ಬಂದು ಬಾಯಿ ತೆರೆದ. ನಾನು ಎದ್ದು ಟೈ ಹಿಡಿದು ಜಗ್ಗಿ, ಅವನ ಮುಖವನ್ನು ಮೇಲಿನ ಬರ್ತಿನ ಕಬ್ಬಿಣಕ್ಕೆ ತಾಗಿಸಿದೆ. ಒಂದೇ ಸಲ. ಒಂದು ಹಲ್ಲು ಅಲುಗಾಡಿರಬೇಕು, ಕೈ ಅಡ್ಡ ಹಿಡಿದು ಉಗುಳುತ್ತಿದ್ದ. ಬ್ಯಾಡಗಿಯಲ್ಲಿ ಇಳಿದು ಓಡಿದ. ಒಬ್ಬ ಮುದುಕ, “ಕಾಲ ಚಾಚಿ ಕುಂದ್ರಿ ಸಾಹೇಬ್ರ,” ಎಂದು ತನ್ನ ಗಂಟು ತೆಗೆದು ಜಾಗ ಮಾಡಿಕೊಟ್ಟ.

ಜನ ಕೆಟ್ಟವರಲ್ಲ. ಹೇಳಿಕೊಡುವವರು ಇರಲಿಲ್ಲ, ಅಷ್ಟೇ.

ಜನವರಿ ೨೬, ಭಾನುವಾರ

ಪುಸ್ತಿಕೆಯ ಒಂಬತ್ತನೆಯ ಪುಟದಲ್ಲಿ ನಡೆಯುವವರಿಗೂ ನಿಯಮ ಇದೆ. ಸೈಕಲ್ಲಿನ ಪಟ್ಟಿಯ ಮೇಲೆ ಕಾಲಿಡಬಾರದು. ಸಂಜೆ ಶ್ರೀದೇವಿಯನ್ನು ಕೆರೆಯ ದಂಡೆಗೆ ಕರೆದುಕೊಂಡು ಹೋದೆ. ರಂಗೋಲಿ ಪುಡಿಯಿಂದ ಗೆರೆ ಹಾಕಿ, ನೀನು ಆ ಕಡೆ ನಡೆ, ನಾನು ಈ ಕಡೆ ಸೈಕಲ್ ಹೊಡೆಯುತ್ತೇನೆ ಎಂದೆ. ಮೊದಲು ನಗುತ್ತಿದ್ದಳು. “ಹಾಲೆಂಡಿಗೆ ನೀವಷ್ಟ ಹೊಂಟೀರಿ, ನನಗ್ಯಾಕ ಈ ಪರೀಕ್ಷಾ?” ಎಂದಳು. ನಾಲ್ಕನೆಯ ಸುತ್ತಿನಲ್ಲಿ ಯಾರೋ ಪರಿಚಯದ ಹೆಂಗಸು ಕರೆದಳೆಂದು ಗೆರೆ ದಾಟಿ ನೆಟ್ಟಗೆ ನನ್ನ ಮುಂದೆಯೇ ಬಂದಳು. ಗಂಟೆ ಬಾರಿಸಿದ್ದೆ. ಎರಡು ಸಲ ಬಾರಿಸಿದ್ದೆ. ಇಳಿದು ಸ್ವಲ್ಪ ಪಕ್ಕಕ್ಕೆ ಸರಿಸಿದೆ. ಬಿದ್ದಳು.

ದಂಡೆಯ ಕಲ್ಲು ಚೂಪಾಗಿರುತ್ತವೆ.

ಜನವರಿ ೨೮, ಮಂಗಳವಾರ

ಶ್ರೀದೇವಿ ಮಣಿಕಟ್ಟಿಗೆ ಅರಿಷಿಣ ಹಚ್ಚಿ ಬಟ್ಟೆ ಸುತ್ತಿಕೊಂಡಿದ್ದಾಳೆ. ಒಂದೇ ಕೈಯಿಂದ ಹಿಟ್ಟು ನಾದುತ್ತಾಳೆ, ರೊಟ್ಟಿ ದಪ್ಪಗಾಗುತ್ತಿವೆ. ರೊಟ್ಟಿ ದಪ್ಪ ಎಂದದ್ದಕ್ಕೆ, “ಮೊದಲ ಹಿಂಗ ಇದ್ದಿಲ್ಲ ನೀವು. ನಿಮ್ಮ ಕಣ್ಣ ನೋಡಿದ್ರ ನನಗ ಅಂಜಿಕಿ ಬರ್ತೈತಿ,” ಎಂದಳು. ನಾನು ನೋಡಿಕೊಂಡೆ, ಕಣ್ಣು ಸರಿಯಾಗಿಯೇ ಇದೆ. ಚಹಾದ ಕಪ್ಪು ಒಡೆಯಿತು. ಗೋಡೆಗೆ ಕಲೆಯಾಗಿದೆ, ಸುಣ್ಣ ಹಚ್ಚಬೇಕು.

ಫೆಬ್ರುವರಿ ೪, ಮಂಗಳವಾರ

ಒಂದು ಒಳ್ಳೆಯ ಸಂಗತಿ. ಇತ್ತೀಚೆಗೆ ಬಸ್ಸಿನಲ್ಲಿ ನನಗೆ ಯಾವಾಗಲೂ ಸೀಟು ಸಿಗುತ್ತದೆ. ನಾನು ಬಾಗಿಲಿಗೆ ಬಂದರೆ ಸಾಕು, ಜನ ತಾವಾಗಿಯೇ ಸರಿದು ನಿಲ್ಲುತ್ತಾರೆ. ನನ್ನ ಪಕ್ಕದ ಸೀಟು ರಾಣೆಬೆನ್ನೂರಿನ ತನಕ ಖಾಲಿಯೇ ಇರುತ್ತದೆ, ನಿಂತವರು ಸಹ ಅಲ್ಲಿ ಕೂಡುವುದಿಲ್ಲ. ಶಿಸ್ತು ಬರುತ್ತಿದೆ. ಕಂಡಕ್ಟರ್ ಈಗ ನಮಸ್ಕಾರ ಮಾಡುತ್ತಾನೆ.

ಆದರೆ ಫಕ್ಕೀರಸಾಬರ ವಿಷಯದಲ್ಲಿ ಬೇಸರವಾಯಿತು. ಬಲಗಡೆ ಹೋಗುವುದರಿಂದ ವಾರಕ್ಕೆರಡು ಸಲ ಮುಂದಿನ ಗಾಲಿ ಡೊಂಕಾಗುತ್ತದೆ. ಇವತ್ತು ಸೈಕಲ್ ಒಯ್ದಾಗ ಮುಟ್ಟಲಿಲ್ಲ.

“ತಮ್ಮಾ, ಗಾಲಿ ನೆಟ್ಟಗ ಮಾಡಾಕ ಬರ್ತೈತಿ. ನಿನ್ನ ಯಾರ್ ನೆಟ್ಟಗ ಮಾಡಬೇಕು?” ಎಂದರು. “ಹಾಲಿನಾಂವ ಹಣಿಗೆ ಏಳು ಹೊಲಿಗಿ ಹಾಕಿಸ್ಕೊಂಡಾನ. ನನ್ನ ಅಕ್ಕನ ಮಗ ಅಂವಾ. ನೀ ಸಾಲಿ ಕಲಿತಾಂವ, ದೊಡ್ಡ ಊರಿಗೆ ಹೊಂಟಾಂವ, ನಿನ್ನ ಬಾಳೆ ಕೆಡಬಾರದು ಅಂತ ನಾನ ಅವಗ ಕೈ ಮುಗದು ಕಂಪ್ಲೇಂಟ್ ಕೊಡದಂಗ ಮಾಡೀನಿ. ಅಲ್ಲಿಗೆ ಹೋದಮ್ಯಾಲ ಬಲಕ್ಕ ಹೋಗಿಯಂತ. ಇಲ್ಲಿ ಇರೂತನಕ ಎಡಕ್ಕ ಹೋಗೋ ತಮ್ಮಾ.”

ಬೇಕಿಲ್ಲದ ಉಪದೇಶ. ಪಂಕ್ಚರ್ ನೋಡುವ ನೀರಿನ ಬೋಗುಣಿಯನ್ನು ಒದ್ದೆ. ನೀರು ಅವರ ಮುಖಕ್ಕೆ, ಗೋಣಿತಟ್ಟಿನ ಮೇಲೆ ಜೋಡಿಸಿದ್ದ ನಟ್ಟು ಬೋಲ್ಟುಗಳಿಗೆಲ್ಲ ಬಿತ್ತು. ನಟ್ಟು ಬಿಚ್ಚುವ ಪಾನಾ ಎತ್ತಿಕೊಂಡು ಅವರ ಗಾಜಿನ ಕಪಾಟು ಒಡೆದೆ. ಮುದುಕ ತಲೆ ಎರಡೂ ಕೈಯಲ್ಲಿ ಮುಚ್ಚಿಕೊಂಡು ಮೂಲೆಯಲ್ಲಿ ಕುಳಿತುಬಿಟ್ಟರು. ಅವರನ್ನು ನಾನು ಮುಟ್ಟಲಿಲ್ಲ. ಹಿರಿಯರ ಮೇಲೆ ಕೈ ಮಾಡುವ ಜಾಯಮಾನ ನನ್ನದಲ್ಲ.

ಗಾಲಿಯನ್ನು ನಾನೇ ಕಲ್ಲಿನಿಂದ ಬಡಿದು ನೆಟ್ಟಗೆ ಮಾಡಿಕೊಂಡೆ.

ಫೆಬ್ರುವರಿ ೧೩, ಗುರುವಾರ

ಇವತ್ತು ರಜೆ ಹಾಕಿ ಬ್ಯಾಡಗಿಯಲ್ಲಿ ಇಳಿದೆ. ಸ್ಟೇಷನ್ನಿನಿಂದ ಯಾರ್ಡಿನ ತನಕ ನಡೆದೇ ಹೋದೆ. ದಾರಿಯಲ್ಲೇ ಕೆಮ್ಮು ಶುರುವಾಯಿತು. ಒಳಗೆ ಎಲ್ಲಿ ನೋಡಿದರೂ ಕೆಂಪು ಮೆಣಸಿನಕಾಯಿ ಚೀಲಗಳ ಗೋಡೆ. ಮೂಗಿಗೆ ಬಟ್ಟೆ ಕಟ್ಟಿಕೊಂಡ ಹಮಾಲರು ಕಬ್ಬಿಣದ ಕೊಕ್ಕೆ ಹಾಕಿ ಚೀಲಗಳನ್ನು ಜಗ್ಗಿ ಬೆನ್ನಿಗೆ ಹಾಕಿಕೊಳ್ಳುತ್ತಿದ್ದರು. ನಾಗಪ್ಪ ಎಂದು ಕೇಳಿದ್ದಕ್ಕೆ ಎಂಟನೆಯ ಅಂಗಡಿಯ ಹಿಂಬದಿಗೆ ಕಳಿಸಿದರು.

ಚೀಲಗಳ ಮರೆಯಲ್ಲಿ ಒಬ್ಬನೇ ಕುಳಿತು ಚಹಾ ಕುಡಿಯುತ್ತಿದ್ದ. ಅದೇ ಭುಜ. ನನ್ನನ್ನು ನೋಡಿ ಎದ್ದು ನಿಂತ.

“ಬರ್ರಿ ಸಾಹೇಬ್ರ, ಯಾ ಅಂಗಡಿ ಮಾಲು?”

“ಗುರ್ತು ಸಿಗಲಿಲ್ಲೇನು?” ಎಂದೆ.

ನೋಡಿದ, ಕೆಮ್ಮಿದ, ಇನ್ನೊಮ್ಮೆ ನೋಡಿದ. “ಇಲ್ರಿ. ಎಲ್ಲಿಯವ್ರಿ ತಾವು?”

ಹೇಳಿದೆ. ಸೋಮವಾರ, ಹಾವೇರಿ ಬಸ್ಸು, ಟವಲ್, ಎರಡು ಏಟು. ಅವನು ತಲೆ ಕೆರೆದುಕೊಂಡ. ಪಾಠ ನೆನಪಾಗದ ಮಗುವಿನ ಹಾಗೆ ಮುಖ ಮಾಡಿದ.

“ಹೊಡದಿರಬೇಕ್ರಿ. ಮೂರು ದಿನಾ ಲೋಡ್ ಇಳಿಸಿ ನಿದ್ದಿ ಇರಂಗಿಲ್ಲ, ತೆಲಿ ಕೆಟ್ಟಿರ್ತೈತಿ. ನೆನಪ ಇಲ್ರಿ ಖರೇನ. ತಪ್ಪಾತ್ರಿ ಯಪ್ಪಾ. ಕುಂದ್ರಿ, ಒಂದ ಕಪ್ ಚಾ ಕುಡೀರಿ.”

ತನ್ನ ಟವಲನ್ನು ಹೆಗಲಿನಿಂದ ತೆಗೆದು ಚೀಲದ ಮೇಲಿನ ಧೂಳು ಒರೆಸಿ ನನಗೆ ಜಾಗ ತೋರಿಸಿದ.

ಮೂವತ್ತೆಂಟು ದಿನ ಉಂಡಾಗ, ಮಲಗಿದಾಗ, ಮೊಳಕೆ ಎಣಿಸುವಾಗ ನನ್ನ ತಲೆಯೊಳಗೆ ಕುಳಿತಿದ್ದವನು ಇವನು. ಇವನ ತಲೆಯಲ್ಲಿ ನಾನು ಅರ್ಧ ಗಳಿಗೆಯೂ ಇರಲಿಲ್ಲ. ಅವನು ಬೈದಿದ್ದರೆ, ಇನ್ನೊಂದು ಹೊಡೆದಿದ್ದರೆ ನಾನು ವಾಪಸು ಬರುತ್ತಿದ್ದೆನೋ ಏನೋ. ಚಹಾ ಕುಡಿಯಿರಿ ಎಂದ.

ಕೊಕ್ಕೆ ಅವನ ಪಕ್ಕದ ಚೀಲಕ್ಕೆ ಸಿಕ್ಕಿಕೊಂಡಿತ್ತು. ತೆಗೆದೆ. ಅವನು ಚಹಾದವನನ್ನು ಕೂಗಲು ಆ ಕಡೆ ತಿರುಗಿದ್ದ. ಮೊದಲನೆಯದು ಭುಜದಲ್ಲಿ ಇಳಿಯಿತು. ಜಗ್ಗಿದಾಗ ಅಂಗಿಯ ಜೊತೆಗೆ ಮಾಂಸವೂ ಬಂತು. ಅವನು ಕೂಗಲು ಹೋದ, ಮೆಣಸಿನಕಾಯಿ ಧೂಳು ಗಂಟಲಿಗೆ ಹೋಗಿ ಬರಿಯ ಕೆಮ್ಮು ಬಂತು. ಬಿದ್ದವನ ಬಲ ಮೊಣಕೈ ಮೇಲೆ ಕೊಕ್ಕೆಯ ಹಿಡಿಯಿಂದ ಹೊಡೆದೆ. ನಾಲ್ಕೋ ಐದೋ. ಒಣ ಕಟ್ಟಿಗೆ ಮುರಿದ ಸದ್ದು ಬಂದ ಮೇಲೆ ನಿಲ್ಲಿಸಿದೆ. ಅವನು ನನ್ನ ಕಾಲು ಹಿಡಿದುಕೊಂಡಿದ್ದ. “ಯಾಕ್ರಿ? ಯಾಕ್ರಿ ಯಪ್ಪಾ?” ಎನ್ನುತ್ತಿದ್ದ. ಅಷ್ಟೆಲ್ಲ ಬಿಡಿಸಿ ಹೇಳಿದ ಮೇಲೂ ಯಾಕೆ ಎಂದು ಕೇಳಿದರೆ ಏನು ಮಾಡುವುದು?

ನಲ್ಲಿಯ ಕೆಳಗೆ ಕೈ ತೊಳೆದು ಮುಖ ಒರೆಸಿಕೊಂಡೆ. ಬೆರಳಿಗೆ ಹತ್ತಿದ್ದ ಖಾರ ಕಣ್ಣಿಗೆ ಹೋಗಿ ಉರಿ, ಧಾರಾಕಾರ ನೀರು. ಯಾರೋ ನೀರು ಕೊಟ್ಟರು, “ಹೊಸಬರಿಗೆ ಹಿಂಗ ಆಗ್ತೈತ್ರಿ,” ಎಂದರು. ಬಲ ಅಂಚು ಹಿಡಿದು ಸ್ಟೇಷನ್ನಿಗೆ ನಡೆದು ಬಂದೆ.

ಫೆಬ್ರುವರಿ ೧೪, ಶುಕ್ರವಾರ

ಪೊಲೀಸರು ಬರುತ್ತಾರೆ. ಬಂದೇ ಬರುತ್ತಾರೆ. ಪಾಸ್‌ಪೋರ್ಟ್ ಹೋಯಿತು, ಉಟ್ರೆಕ್ಟ್ ಹೋಯಿತು. ಒಂದು ಬೈಕಿನ ಸದ್ದಾದರೂ ಕಿಟಕಿಗೆ ಓಡುತ್ತೇನೆ. ಲ್ಯಾಬಿಗೆ ಹೋಗಲಿಲ್ಲ. ಏನಾಯಿತು ಎಂದು ಶ್ರೀದೇವಿ ಕೇಳಲಿಲ್ಲ. ಕೇಳಬೇಕಾಗಿತ್ತು, ಅದಕ್ಕೇ ಸಿಟ್ಟು ಬಂತು.

ಫೆಬ್ರುವರಿ ೧೫, ಶನಿವಾರ

ಅವಳಿಗೆ ಜ್ವರ. ಮುಖ ಊದಿದೆ. ಪಕ್ಕದ ಮನೆಯವರಿಗೆ ಹಲ್ಲುನೋವು ಎಂದು ಹೇಳಿದ್ದೇನೆ.

ಫೆಬ್ರುವರಿ ೧೮, ಮಂಗಳವಾರ

ಬದುಕಿದೆ!

ಬಸ್ಸಿನಲ್ಲಿ ಕಂಡಕ್ಟರ್ ಯಾರ ಹತ್ತಿರವೋ ಹೇಳುತ್ತಿದ್ದ. ನಾಗಪ್ಪ ಚೀಲದ ಮೇಲಿಂದ ಬಿದ್ದು ಕೈ ಮುರಿದುಕೊಂಡನಂತೆ, ಕೊಕ್ಕೆ ಭುಜಕ್ಕೆ ಹೊಕ್ಕಿತಂತೆ. ಆಸ್ಪತ್ರೆಯಲ್ಲಿ ತಾನೇ ಹಾಗೆ ಬರೆಸಿದ್ದಾನೆ. ಯಾರ್ಡಿನಲ್ಲಿ ಹೊಡೆದಾಟ ಎಂದು ಬಂದರೆ ಹಮಾಲಿಯ ಲೈಸೆನ್ಸು ಹೋಗುತ್ತದೆ ಎಂದು ಹೆದರಿರಬೇಕು. “ಇನ್ನ ಆ ಕೈಲೆ ಚೀಲ ಎತ್ತೂದು ಕನಸಿನ ಮಾತ್ರಿ,” ಎಂದ ಕಂಡಕ್ಟರ್. ನಾನೂ ಅಯ್ಯೋ ಪಾಪ ಎಂದೆ. ನಿಜವಾಗಿಯೂ ಪಾಪ ಅನ್ನಿಸಿತು. ದೇವರು ದೊಡ್ಡವನು.

ಮನೆಗೆ ಮಿಠಾಯಿ ಒಯ್ದೆ. ಶ್ರೀದೇವಿ ಒಂದು ಚೂರು ಬಾಯಿಗೆ ಹಾಕಿಕೊಂಡಳು. ಈಗೀಗ ಯಾವಾಗಲೂ ಬಾಗಿಲ ಹತ್ತಿರವೇ ಕುಳಿತುಕೊಳ್ಳುತ್ತಾಳೆ. ಗಾಳಿ ಬರುತ್ತದಂತೆ. ಐರಣಿಯ ತವರುಮನೆಗೆ ನಾಲ್ಕು ದಿನ ಹೋಗಿ ಬರಲೇ ಎಂದು ಕೇಳಿದಳು. ಪೊಲೀಸರು ಪಾಸ್‌ಪೋರ್ಟಿನ ವಿಚಾರಣೆಗೆ ಬಂದಾಗ ಮನೆಯಲ್ಲಿ ಹೆಂಡತಿ ಇರದಿದ್ದರೆ ಏನು ತಿಳಿದಾರು? ಬೇಡ ಎಂದೆ. ಒಂದೇ ಮಾತಿಗೆ ಒಪ್ಪಿದಳು. ಮೊದಲು ವಾದ ಮಾಡುವ ಚಟ ಇತ್ತು ಅವಳಿಗೆ.

ಫೆಬ್ರುವರಿ ೨೮, ಶುಕ್ರವಾರ

ಇವತ್ತು ಪಾಸ್‌ಪೋರ್ಟಿನ ವಿಚಾರಣೆ ಮುಗಿಯಿತು. ಎಲ್ಲ ಸುಸೂತ್ರ.

ಅಲ್ಲಾವುದ್ದೀನ ಎಂಬ ಹವಾಲ್ದಾರರು ಹನ್ನೊಂದು ಗಂಟೆಗೆ ಬಂದರು. ಐವತ್ತು ದಾಟಿದ, ಮೆಲ್ಲಗೆ ಮಾತಾಡುವ ಮನುಷ್ಯ. ಮೊದಲು ಓಣಿಯಲ್ಲಿ ವಿಚಾರಿಸಿದರು. ಪಕ್ಕದ ಮನೆಯವರು, ಎದುರು ಮನೆಯವರು ಎಲ್ಲರೂ ಒಳ್ಳೆಯ ಮನುಷ್ಯ ಎಂದು ಸಹಿ ಹಾಕಿದರು. ಫಕ್ಕೀರಸಾಬರ ಅಂಗಡಿಯ ಮುಂದೆಯೂ ನಿಂತರು. ಸಾಬರು ನನ್ನನ್ನು ನೋಡಿದರು, ಅವರ ಹಿಂದೆ ಒಡೆದ ಕಪಾಟಿಗೆ ಗೋಣಿಚೀಲ ಹೊದಿಸಿದ್ದರು. “ಹೋಗಲಿ ಬಿಡ್ರಿ ಅಂವಾ. ಲಗೂ ಹೋಗಲಿ,” ಎಂದರು. ಮನಸ್ಸಿನಲ್ಲಿ ಏನೂ ಇಟ್ಟುಕೊಂಡಿಲ್ಲ, ದೊಡ್ಡ ಮನುಷ್ಯ.

ಆಮೇಲೆ ಹವಾಲ್ದಾರರು ಮನೆಗೆ ಬಂದರು. ಶ್ರೀದೇವಿ ಹೊಸ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಮುಂದಕ್ಕೆಳೆದುಕೊಂಡು ಚಹಾ ತಂದುಕೊಟ್ಟಳು. ಹವಾಲ್ದಾರರು ಅವಳ ಮಣಿಕಟ್ಟಿನ ಬಟ್ಟೆ ನೋಡಿದರು. ಆಮೇಲೆ ಸೆರಗಿನ ಒಳಗೆ ಕೆನ್ನೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಪೆನ್ನು ಮುಚ್ಚಿ ಕಿಸೆಗೆ ಇಟ್ಟುಕೊಂಡು, “ನೀವು ಹೊರಗ ಒಂದೀಟು ನಿಂದರ್ರಿ,” ಎಂದರು.

ಹೊರಗೆ ನಿಂತೆ. ಕಿಟಕಿ ತೆರೆದಿತ್ತು.

“ತಂಗೀ, ನನಗೂ ಇಬ್ಬರು ಹೆಣ್ಣುಮಕ್ಕಳದಾರ. ಹೇಳೂದು ಏನರ ಇದ್ರ ಈಗ ಹೇಳವಾ. ನಾ ಬರಕೊಂಡ್ನೆಂದ್ರ ಇಲ್ಲೇ ನ್ಯಾಯ ಆಕ್ಕೈತಿ. ಪಾಸ್‌ಪೋರ್ಟ್ ಮಾತ್ರ ಆಗಂಗಿಲ್ಲ.”

ನಾನು ಕಿಟಕಿಯ ಹತ್ತಿರ ಸರಿದೆ. ಹನ್ನೊಂದು ವರ್ಷದ ದುಡಿಮೆ ಅವಳ ನಾಲಿಗೆಯ ಮೇಲೆ ನಿಂತಿತ್ತು.

“ಏನೂ ಇಲ್ರಿ ಯಣ್ಣಾ,” ಎಂದಳು ಶ್ರೀದೇವಿ. “ಬಾಳ ಚಲೋ ಮನಷ್ಯಾರು. ಯಾರ ಮ್ಯಾಲೂ ಕೈ ಎತ್ತಿದವರಲ್ಲ. ಅವರನ್ನ ಕಳಸ್ರಿ. ನಿಮ್ಮ ಕಾಲಿಗೆ ಬೀಳ್ತೀನಿ, ಲಗೂ ಕಳಸಿಬಿಡ್ರಿ.”

ಕಿಟಕಿಯ ಹೊರಗೆ ನಿಂತು ನಾನು ಅತ್ತುಬಿಟ್ಟೆ. ಎಂಥ ಹೆಂಡತಿ! ನನ್ನ ಏಳಿಗೆಗಾಗಿ ಪರಪುರುಷನ ಕಾಲಿಗೆ ಬೀಳಲೂ ತಯಾರಾಗಿದ್ದಳು. ಹವಾಲ್ದಾರರು ಹೊರಗೆ ಬಂದು ನನ್ನ ಕಡೆ ನೋಡದೆ ಸಹಿ ಮಾಡಿಸಿಕೊಂಡರು. ಚಹಾ ಹಾಗೆಯೇ ಬಿಟ್ಟು ಹೋದರು.

ಅವರು ಹೋದ ಮೇಲೆ ಅವಳು ಅಡುಗೆಮನೆಯಲ್ಲಿ ರೊಟ್ಟಿಗೆ ಕುಳಿತಳು. ಎಷ್ಟೋ ದಿನದ ಮೇಲೆ ತಾನಾಗಿಯೇ ಮಾತಾಡಿದಳು.

“ಮೂರ ತಿಂಗಳಷ್ಟ ಯಾಕ್ರಿ? ವರ್ಷಗಟ್ಟಲೆ ಅಲ್ಲೇ ಇರಾಕ ಬರಂಗಿಲ್ಲೇನು?”

ಅವಳ ದನಿಯಲ್ಲಿ ಎಂಥ ಆಸೆ ಇತ್ತು! ನನಗೂ ಉಕ್ಕಿ ಬಂತು. ನಿನ್ನೆಯೇ ರಮೇಶ ಸರ್ ಗುಟ್ಟಾಗಿ ಹೇಳಿದ್ದನ್ನು ಹೇಳಿಬಿಟ್ಟೆ. ಕೆಲಸ ಮೆಚ್ಚಿದರೆ ಅಲ್ಲಿಯವರು ಮೂರು ವರ್ಷಕ್ಕೆ ಇಟ್ಟುಕೊಳ್ಳುತ್ತಾರಂತೆ. ಆಗ ಹೆಂಡತಿಯನ್ನೂ ಕರೆಸಿಕೊಳ್ಳಬಹುದಂತೆ.

“ದೀಪಾವಳಿ ಅನ್ನೂದರಾಗ ನೀನೂ ಅಲ್ಲೇ ಇರ್ತಿ,” ಎಂದೆ. “ಅಲ್ಲಿ ತವರುಮನಿ ಇಲ್ಲ, ಓಣಿ ಇಲ್ಲ, ನಾವಿಬ್ಬರ ನೋಡು.”

ರೊಟ್ಟಿ ಬಡಿಯುವ ಸದ್ದು ನಿಂತಿತು. ಸಂತೋಷಕ್ಕೆ ಅವಳಿಗೆ ಮಾತೇ ಹೊರಡಲಿಲ್ಲ. ಹಿಟ್ಟಿನ ಕೈ ಹಾಗೆಯೇ ಹಿಡಿದುಕೊಂಡು ಗೋಡೆ ನೋಡುತ್ತ ಕುಳಿತಳು. ಹಂಚಿನ ಮೇಲಿನ ರೊಟ್ಟಿ ಹೊತ್ತಿ ಮನೆಯೆಲ್ಲ ಹೊಗೆಯಾಯಿತು. ಒಂದು ರೊಟ್ಟಿ ತಾನೇ, ನಾನು ಏನೂ ಅನ್ನಲಿಲ್ಲ.